ಮೂರು ಪೆನ್ಸ್ ಸುಂಕದಿಂದ ಮದ್ದಿನ ಪೀಪಾಯಿಯವರೆಗೆ

ಅಮೆರಿಕದ ಕ್ರಾಂತಿಯ ಬಗ್ಗೆ ಶಾಲೆಯಲ್ಲಿ ಓದಿದ್ದು ನೆನಪಿದ್ದರೆ ಹೀಗಿರುತ್ತದೆ: ಬ್ರಿಟಿಷರು ಚಹಾದ ಮೇಲೆ ತೆರಿಗೆ ಏರಿಸಿದರು, ಬಾಸ್ಟನ್ನಿನ ಜನ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು, ಯುದ್ಧ ಶುರುವಾಯಿತು. ಇದರಲ್ಲಿ ಮೊದಲ ಮಾತೇ ತಪ್ಪು. 1773ರ ಚಹಾ ಕಾಯಿದೆಯಿಂದ ಅಮೆರಿಕದಲ್ಲಿ ಚಹಾ ಅಗ್ಗವಾಗುವುದಿತ್ತು. ಅಗ್ಗದ ಚಹಾ ಬಂದರೆ ಜನ ಯಾಕೆ ಸಿಟ್ಟಾಗಬೇಕು? ಇದು ಅರ್ಥವಾಗಬೇಕಾದರೆ ಹತ್ತು ವರ್ಷ ಹಿಂದಕ್ಕೆ, ಕಾಕಂಬಿಯ ಪೀಪಾಯಿಗಳ ಹತ್ತಿರ ಹೋಗಬೇಕು.

1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲ ಸುಮಾರು 13 ಕೋಟಿ ಪೌಂಡ್‌ಗೆ ಏರಿತ್ತು. ಅಮೆರಿಕದಲ್ಲಿ 10,000 ಸೈನಿಕರನ್ನು ಇಟ್ಟುಕೊಳ್ಳುವ ಯೋಜನೆ ಬೇರೆ. ಆ ಖರ್ಚಿನಲ್ಲಿ ಒಂದು ಪಾಲನ್ನಾದರೂ ವಸಾಹತುಗಳು ಹೊರಲಿ ಎಂದು ಲಂಡನ್ ಲೆಕ್ಕ ಹಾಕಿತು. ಮೊದಲು ಕೈಯಿಟ್ಟಿದ್ದು ಕಾಕಂಬಿಗೆ. ವೆಸ್ಟ್ ಇಂಡೀಸ್‌ನ ಫ್ರೆಂಚ್ ದ್ವೀಪಗಳಿಂದ ಬರುತ್ತಿದ್ದ ಕಾಕಂಬಿಯಿಂದ ನ್ಯೂ ಇಂಗ್ಲೆಂಡಿನ ಊರುಗಳು ರಮ್ ಬಟ್ಟಿ ಇಳಿಸುತ್ತಿದ್ದವು. 1733ರಿಂದಲೇ ಅದರ ಮೇಲೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕವಿತ್ತು, ಆದರೆ ಕಟ್ಟುವವರು ಇರಲಿಲ್ಲ. ಸುಂಕದವನ ಕೈ ಬೆಚ್ಚಗೆ ಮಾಡಿದರೆ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮಾಲು ಇಳಿಯುತ್ತಿತ್ತು. 1764ರ ಸಕ್ಕರೆ ಕಾಯಿದೆ ಸುಂಕವನ್ನು 3 ಪೆನ್ಸ್‌ಗೆ ಇಳಿಸಿತು. ಜೊತೆಗೆ, ಇಳಿಸಿದ್ದನ್ನು ತಪ್ಪದೆ ವಸೂಲಿ ಮಾಡುವ ವ್ಯವಸ್ಥೆಯನ್ನೂ ತಂದಿತು.

ಆ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಡಗಿಗೆ ಸರಕು ಹತ್ತಿಸುವ ಮೊದಲೇ ಬಾಂಡ್ ಬರೆದುಕೊಡಬೇಕು. ಪ್ರತಿ ಸರಕಿಗೂ ಸುಂಕದ ಕಟ್ಟೆಯ ಚೀಟಿ ಬೇಕು. ಚೀಟಿಯಲ್ಲಿ ಒಂದು ತಪ್ಪು ಸಿಕ್ಕರೂ ಹಡಗನ್ನು ಜಪ್ತಿ ಮಾಡಬಹುದು. ಜಪ್ತಿಯಾದ ಹಡಗಿನ ಮೊಕದ್ದಮೆಯನ್ನು ಊರಿನ ಜ್ಯೂರಿ (ತೀರ್ಪು ಹೇಳುವ ಊರವರ ತಂಡ) ಇಲ್ಲದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದು. ಅದಕ್ಕೆಂದೇ ದೂರದ ಹ್ಯಾಲಿಫ್ಯಾಕ್ಸ್‌ನಲ್ಲಿ ಹೊಸ ನ್ಯಾಯಾಲಯ ತೆರೆದರು. ಅಲ್ಲಿ ತಾನು ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದೇ. ಗೆದ್ದರೂ, ಅಧಿಕಾರಿಗೆ ಅನುಮಾನ ಪಡಲು ಕಾರಣವಿತ್ತು ಎಂದು ನ್ಯಾಯಾಧೀಶ ಬರೆದುಬಿಟ್ಟರೆ ನಷ್ಟ ಪರಿಹಾರ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ನಮ್ಮ ಗಾದೆ ಇಂಥ ಸ್ಥಿತಿಗೇ ಹುಟ್ಟಿದ್ದು. ವರ್ತಕರ ಸಿಟ್ಟು ಸುಂಕದ ಮೊತ್ತಕ್ಕಿಂತ ಹೆಚ್ಚಾಗಿ ಈ ವಿಚಾರಣೆಯ ರೀತಿಯ ಮೇಲಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುವರ್ಷ ಬಂದದ್ದು ಛಾಪಾ ಕಾಗದದ ಕಾಯಿದೆ. 1765ರ ನವೆಂಬರ್ 1ರಿಂದ ಕೋರ್ಟಿನ ದಾಖಲೆ, ಜಮೀನು ಪತ್ರ, ಹಡಗಿನ ಚೀಟಿ, ಪತ್ರಿಕೆ, ಪಂಚಾಂಗ ಎಲ್ಲಕ್ಕೂ ಛಾಪಾ ಬೇಕು. ಇಸ್ಪೀಟಿನ ಕಟ್ಟಿಗೆ 1 ಷಿಲಿಂಗ್, ಪತ್ರಿಕೆಯ ಪ್ರತಿ ಜಾಹೀರಾತಿಗೆ 2 ಷಿಲಿಂಗ್. ವಕೀಲ, ಮುದ್ರಕ, ವರ್ತಕ, ಹೆಂಡದಂಗಡಿಯಲ್ಲಿ ಕುಳಿತು ಇಸ್ಪೀಟಾಡುವ ನಾವಿಕ, ಎಲ್ಲರನ್ನೂ ಒಂದೇ ಏಟಿಗೆ ಕೆಣಕಿದ ಕಾಯಿದೆ ಇದು. ಅದರಲ್ಲೂ ಮಾತಿನ ಬಲವಿದ್ದ ವಕೀಲರು, ಅಚ್ಚಿನ ಮೊಳೆಯಿದ್ದ ಮುದ್ರಕರು ತಿರುಗಿಬಿದ್ದದ್ದು ಲಂಡನ್ನಿಗೆ ದುಬಾರಿಯಾಯಿತು.

ಆದರೆ ಈ ಕಾಯಿದೆಗೆ ಒಂದು ಮರ್ಮಸ್ಥಾನವಿತ್ತು. ಛಾಪಾ ಕಾಗದ ಹಂಚಲು ಒಂದೊಂದು ವಸಾಹತಿಗೂ ಒಬ್ಬ ಹಂಚಿಕೆದಾರ ಬೇಕು. ಅವನು ಸ್ಥಳೀಯ, ಮನೆಮಠ ಇರುವವನು. ಅವನು ಕೆಲಸ ಬಿಟ್ಟರೆ ಕಾಯಿದೆ ನಡೆಯುವುದಿಲ್ಲ. ಆಗಸ್ಟ್ 14ರಂದು ಬಾಸ್ಟನ್ನಿನ ಒಂದು ಎಲ್ಮ್ ಮರಕ್ಕೆ ಹಂಚಿಕೆದಾರ ಆಂಡ್ರೂ ಆಲಿವರನ ಪ್ರತಿಕೃತಿಯನ್ನು ನೇತುಹಾಕಿದರು. ಆತ ಹುದ್ದೆಯ ಆಸೆ ಬಿಟ್ಟ. ನವೆಂಬರ್ 1 ಬರುವ ಹೊತ್ತಿಗೆ ಜಾರ್ಜಿಯಾ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಹಂಚಿಕೆದಾರರು ರಾಜೀನಾಮೆ ಕೊಟ್ಟಿದ್ದರು. ಇದರಲ್ಲಿ ಹಿಂಸೆಯೂ ಇತ್ತು, ಅದನ್ನು ಮುಚ್ಚಿಡಬಾರದು: ಆಗಸ್ಟ್ 26ರಂದು ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆಯನ್ನು ಗುಂಪು ಪುಡಿಗಟ್ಟಿತು. 1766ರ ಮಾರ್ಚ್‌ನಲ್ಲಿ ಪಾರ್ಲಿಮೆಂಟ್ ಕಾಯಿದೆಯನ್ನು ಹಿಂತೆಗೆದುಕೊಂಡಿತು. ಅದೇ ದಿನ ಇನ್ನೊಂದು ಕಾಯಿದೆ ಮಾಡಿ, ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಶಾಸನ ಮಾಡುವ ಹಕ್ಕು ತನಗಿದೆ ಎಂದು ಬರೆದಿಟ್ಟಿತು. ಗಂಟೆ ಬಾರಿಸಿ ಸಂಭ್ರಮಿಸುತ್ತಿದ್ದ ಅಮೆರಿಕದ ಊರುಗಳು ಆ ಎರಡನೆಯ ಕಾಗದವನ್ನು ಅಷ್ಟಾಗಿ ಗಮನಿಸಲಿಲ್ಲ.

1767ರ ಟೌನ್‌ಷೆಂಡ್ ಕಾಯಿದೆಗಳು ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಹಾಕಿದವು. ಚಹಾಕ್ಕೆ ರಾತಲಿಗೆ (ಸುಮಾರು ಅರ್ಧ ಕಿಲೋಗೆ) 3 ಪೆನ್ಸ್. ಇಲ್ಲಿ ನೋಡಬೇಕಾದದ್ದು ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಅದು ಗವರ್ನರ್‌ಗಳ ಮತ್ತು ನ್ಯಾಯಾಧೀಶರ ಸಂಬಳಕ್ಕೆ ಮೀಸಲು. ಅಲ್ಲಿಯವರೆಗೆ ಬಹುತೇಕ ವಸಾಹತುಗಳಲ್ಲಿ ಆ ಸಂಬಳವನ್ನು ಚುನಾಯಿತ ಸಭೆ ಮಂಜೂರು ಮಾಡುತ್ತಿತ್ತು. ರಾಜ ಕಳಿಸಿದ ಅಧಿಕಾರಿಯ ಜುಟ್ಟು ಸಭೆಯ ಕೈಯಲ್ಲಿತ್ತು. ಚಹಾದ ಮೂರು ಪೆನ್ಸ್ ಆ ಜುಟ್ಟನ್ನು ಬಿಡಿಸಲು ಹೊರಟಿತ್ತು. 1770ರಲ್ಲಿ ಉಳಿದ ಸುಂಕಗಳು ಹೋದವು, ಚಹಾದ್ದು ಮಾತ್ರ ಉಳಿಯಿತು. ಅದೇ ವರ್ಷ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಸೈನಿಕರ ಗುಂಡಿಗೆ ಐವರು ಸತ್ತರೂ ಆಮೇಲೆ ಸುಮಾರು ಮೂರು ವರ್ಷ ಹೆಚ್ಚು ಕಡಿಮೆ ಶಾಂತಿಯೇ ಇತ್ತು. ರಕ್ತ ಹರಿದೊಡನೆ ಕ್ರಾಂತಿ ಆಗಿಬಿಡುತ್ತದೆ ಎನ್ನುವವರು ಈ ಮೂರು ವರ್ಷಗಳನ್ನು ಮರೆಯುತ್ತಾರೆ.

ಶಾಂತಿ ಕದಡಿದ್ದು ಭಾರತದಿಂದ. ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. 1769ರಲ್ಲಿ ಹೈದರ್ ಅಲಿ ಮದರಾಸಿನ ಬಾಗಿಲಿಗೇ ಬಂದು ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಆ ಯುದ್ಧದ ಸುದ್ದಿ ಮುಟ್ಟುತ್ತಿದ್ದಂತೆ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು. ಮರುವರ್ಷ ಬಂಗಾಳದ ಭೀಕರ ಕ್ಷಾಮ. 1772ರಲ್ಲಿ ಲಂಡನ್ನಿನ ಸಾಲದ ಮಾರುಕಟ್ಟೆಯೇ ಬಿಗಿದುಕೊಂಡಿತು. ಗೋದಾಮುಗಳಲ್ಲಿ 1 ಕೋಟಿ 70 ಲಕ್ಷ ರಾತಲಿನಷ್ಟು ಚಹಾ ಮಾರಾಟವಾಗದೆ ಬಿದ್ದಿತ್ತು. (ಅದು ಚೀನಾದ ಚಹಾ. ಅಸ್ಸಾಮಿನ ತೋಟಗಳು ಬರಲು ಇನ್ನೂ ಆರು ದಶಕ ಬೇಕಿತ್ತು.) ಕಂಪನಿಯನ್ನು ಉಳಿಸಲು ಪಾರ್ಲಿಮೆಂಟ್ ಬ್ರಿಟನ್ನಿನೊಳಗೆ ಕಟ್ಟಿದ ಸುಂಕವನ್ನು ಅದಕ್ಕೆ ವಾಪಸು ಕೊಟ್ಟು, ನೇರವಾಗಿ ಅಮೆರಿಕಕ್ಕೆ ಮಾರಲು ಅನುಮತಿ ಕೊಟ್ಟಿತು. ಮೂರು ಪೆನ್ಸ್ ಮಾತ್ರ ಬಿಡಲಿಲ್ಲ. ಅಗ್ಗದ ಚಹಾ ಕುಡಿದವನು ಆ ಮೂರು ಪೆನ್ಸ್ ತೆತ್ತು, ತನ್ನ ಸಭೆಯ ಹಿಡಿತವನ್ನು ತಾನೇ ಸಡಿಲಿಸಿದಂತಾಗುತ್ತಿತ್ತು. ಕಂಪನಿ ಆರಿಸಿದ ಕೆಲವೇ ವರ್ತಕರಿಗೆ ಮಾರಾಟದ ಹಕ್ಕು ಸಿಕ್ಕಿದ್ದರಿಂದ ಉಳಿದ ವ್ಯಾಪಾರಿಗಳೂ ಕೆರಳಿದರು.

ನಾಲ್ಕು ಬಂದರುಗಳಿಗೆ ಚಹಾ ಹೊರಟಿತು. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಕಂಪನಿ ಆರಿಸಿದ ವರ್ತಕರು ಹಿಂಜರಿದರು, ಹಡಗುಗಳು ತಿರುಗಿ ಹೋದವು. ಚಾರ್ಲ್ಸ್‌ಟನ್‌ನಲ್ಲಿ ಚಹಾವನ್ನು ಜಪ್ತಿ ಮಾಡಿ ನೆಲಮಾಳಿಗೆಯಲ್ಲಿ ತುಂಬಿಟ್ಟರು. ಬಾಸ್ಟನ್ನಿನಲ್ಲಿ ಮಾತ್ರ ಗಂಟು ಬಿಗಿಯಿತು. ಅಲ್ಲಿನ ವರ್ತಕರಲ್ಲಿ ಇಬ್ಬರು ಆಗ ಗವರ್ನರ್ ಆಗಿದ್ದ ಹಚಿನ್ಸನ್‌ನ ಮಕ್ಕಳು, ರಾಜೀನಾಮೆಗೆ ಒಪ್ಪಲಿಲ್ಲ. ಬಂದರಿಗೆ ಬಂದ ಹಡಗು 20 ದಿನಗಳೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿಯಾಗಬೇಕು, ಹಾಗೆ ಜಪ್ತಿಯಾದರೆ ಅದು ಮಾರುಕಟ್ಟೆಗೆ ಬರುವುದು ಖಂಡಿತ. ಸುಂಕ ಕಟ್ಟದೆ ಹಿಂದಿರುಗಲು ಗವರ್ನರ್ ರಹದಾರಿ ಕೊಡಲೊಲ್ಲ. ಡಾರ್ಟ್‌ಮತ್ ಹಡಗು ಬಂದದ್ದು ನವೆಂಬರ್ 28ಕ್ಕೆ. ಗಡುವು ಡಿಸೆಂಬರ್ 17. ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಿಂದ ಸುಮಾರು 340 ಪೆಟ್ಟಿಗೆ, 9,659 ಪೌಂಡ್ ಬೆಲೆಯ ಚಹಾ ನೀರು ಪಾಲಾಯಿತು. ಆ ತಾರೀಖು ಸುಂಕದ ನಿಯಮವೇ ಗೊತ್ತುಮಾಡಿದ್ದು.

ಲಂಡನ್ 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿತು. ಹಸಿವಿನ ಶಿಕ್ಷೆ ಅದು. ಆದರೆ ನಿಜವಾಗಿ ಕೈ ಸುಟ್ಟುಕೊಂಡದ್ದು ಅದರ ಜೊತೆ ಬಂದ ಮ್ಯಾಸಚೂಸೆಟ್ಸ್ ಆಡಳಿತ ಕಾಯಿದೆಯಿಂದ. ಚುನಾಯಿತ ಮಂಡಳಿಯ ಬದಲು ರಾಜ ನೇಮಿಸಿದ ಮಂಡಳಿ. ಊರಸಭೆ ವರ್ಷಕ್ಕೊಂದೇ, ಹೆಚ್ಚಿಗೆ ಬೇಕಾದರೆ ಗವರ್ನರ್ ಅಪ್ಪಣೆ. ಜ್ಯೂರಿಯನ್ನು ಆರಿಸುವವನು ಶೆರಿಫ್. ಚಹಾವನ್ನೇ ಕಾಣದ ಒಳನಾಡಿನ ರೈತನಿಗೂ ಇದು ತಟ್ಟಿತು. ಸಾಲದ ಮೊಕದ್ದಮೆಯಲ್ಲಿ ಅವನ ಹೊಲ ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತಿದ್ದುದು ಆ ಕೋರ್ಟಿನಲ್ಲೇ.

ಕ್ರಾಂತಿ ಆದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು 1774ರ ಸೆಪ್ಟೆಂಬರ್ 6, ವುಸ್ಟರ್ ಎನ್ನುತ್ತೇನೆ. ಅಂದು ಜಿಲ್ಲಾ ಕೋರ್ಟ್ ಕೂಡಬೇಕಿತ್ತು. ಸುತ್ತಲಿನ 37 ಊರುಗಳಿಂದ 4,622 ಜನ ತಮ್ಮ ತಮ್ಮ ಊರ ಪಡೆಯ ಸಾಲಿನಲ್ಲಿ ಬಂದು ರಸ್ತೆಯ ಎರಡೂ ಬದಿ ನಿಂತರು. ನ್ಯಾಯಾಧೀಶರೂ ಅಧಿಕಾರಿಗಳೂ ಟೋಪಿ ಕೈಯಲ್ಲಿ ಹಿಡಿದು ಆ ಸಾಲುಗಳ ನಡುವೆ ನಡೆಯುತ್ತ, ಹೊಸ ಕಾಯಿದೆಯಡಿ ಕೆಲಸ ಮಾಡುವುದಿಲ್ಲ ಎಂಬ ಮುಚ್ಚಳಿಕೆಯನ್ನು ಎಲ್ಲರಿಗೂ ಕೇಳಿಸುವಂತೆ ಮತ್ತೆ ಮತ್ತೆ ಓದಬೇಕಾಯಿತು. ಒಂದು ಗುಂಡೂ ಹಾರಲಿಲ್ಲ. ಅಲ್ಲಿಗೆ ಆ ಜಿಲ್ಲೆಯಲ್ಲಿ ರಾಜನ ಆಡಳಿತ ಮುಗಿಯಿತು. ಬೇರೆ ಜಿಲ್ಲೆಗಳಲ್ಲೂ ಹೀಗೆಯೇ ಆಗಿ, ಬ್ರಿಟಿಷ್ ಸೇನಾಪತಿಯೂ ಹೊಸ ಗವರ್ನರೂ ಆಗಿದ್ದ ಜನರಲ್ ಗೇಜ್‌ನ ಅಧಿಕಾರ ಬಾಸ್ಟನ್ ಪಟ್ಟಣದೊಳಗೆ ಕುಗ್ಗಿತು.

ಖಾಲಿ ಬಿದ್ದ ಜಾಗ ತುಂಬಿದ ಕ್ರಮ ಇನ್ನೂ ಮುಖ್ಯ. ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಪ್ರಾಂತೀಯ ಕಾಂಗ್ರೆಸ್ ಸೇರಿತು. ತೆರಿಗೆಯ ಹಣವನ್ನು ರಾಜನ ಖಜಾಂಚಿಗೆ ಕೊಡಬೇಡಿ, ನಾವು ನೇಮಿಸಿದ ಹೆನ್ರಿ ಗಾರ್ಡ್ನರ್‌ಗೆ ಕೊಡಿ ಎಂದು ಊರುಗಳಿಗೆ ಹೇಳಿತು. ಅದೇ ವಾರ ಖರೀದಿ ಪಟ್ಟಿಯೂ ತಯಾರಾಯಿತು: 1,000 ಪೀಪಾಯಿ ಕೋವಿಮದ್ದು, ಬಯೊನೆಟ್ ಸಹಿತ 5,000 ಕೋವಿ, 75,000 ಚಕಮಕಿ ಕಲ್ಲು, ಜೊತೆಗೆ ಫಿರಂಗಿ, ಸೀಸದ ಗುಂಡು. ಒಟ್ಟು ಅಂದಾಜು 20,000 ಪೌಂಡ್‌ಗೂ ಹೆಚ್ಚು. ಫಿಲಡೆಲ್ಫಿಯಾದಲ್ಲಿ 12 ವಸಾಹತುಗಳು ಸೇರಿದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್, ಡಿಸೆಂಬರ್ 1ರಿಂದ ಬ್ರಿಟಿಷ್ ಸರಕು ಆಮದು ನಿಲ್ಲಬೇಕೆಂದಿತು. ಪ್ರತಿ ಊರು, ಕೌಂಟಿಗೆ ತಪಾಸಣೆ ಸಮಿತಿ ಆರಿಸಿ, ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸಿ ಎಂದಿತು. ಹಿಂದಿನ ಬಹಿಷ್ಕಾರಗಳು ಸೋತದ್ದು ಯಾರೋ ಒಬ್ಬ ವರ್ತಕ, ಯಾವುದೋ ಒಂದು ಬಂದರು ಗುಟ್ಟಾಗಿ ತರಿಸಿಕೊಂಡು ಲಾಭ ಹೊಡೆದದ್ದರಿಂದ. ಈ ಸಲ ನೋಡುವ ಕಣ್ಣು ಪ್ರತಿ ಊರಲ್ಲೂ ಇತ್ತು. ಅದೇ ಸಮಿತಿಗಳು ರಾಜನ ಪರ ಇದ್ದವರ ಬಾಯಿ ಮುಚ್ಚಿಸಿದ್ದೂ ಹೌದು. ಟಾರು ಬಳಿದು ಪುಕ್ಕ ಅಂಟಿಸಿದ ಕ್ರೌರ್ಯ ಆ ಕಾಲದ್ದೇ.

ಇನ್ನು ಉಳಿದದ್ದು ಮದ್ದು. ವಸಾಹತುಗಳಲ್ಲಿ ಕೋವಿಗೆ ಅಷ್ಟೊಂದು ಬರವಿರಲಿಲ್ಲ, ಮದ್ದಿಗಿತ್ತು. ಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್). ಬ್ರಿಟನ್ನಿಗೆ ಅದು ಬರುತ್ತಿದ್ದುದು ಬಹುಪಾಲು ಬಿಹಾರದಿಂದ, ಕಂಪನಿಯ ಹಡಗುಗಳಲ್ಲಿ. ಅಮೆರಿಕಕ್ಕೆ ಅಂಥ ಮೂಲವಿರಲಿಲ್ಲ. ಗೇಜ್‌ಗೆ ಇದು ಗೊತ್ತಿತ್ತು. 1774ರ ಸೆಪ್ಟೆಂಬರ್ 1ರ ಬೆಳಗ್ಗೆ ಬಾಸ್ಟನ್ ಹೊರಗಿನ ಮದ್ದಿನ ಮನೆಯಿಂದ 250 ಅರೆಪೀಪಾಯಿಗಳನ್ನು ಸದ್ದಿಲ್ಲದೆ ಎತ್ತಿಸಿದ. ಜನ ಸತ್ತರೆಂಬ ಸುಳ್ಳು ಸುದ್ದಿ ಹಬ್ಬಿ ಮರುದಿನ ಸಾವಿರಾರು ಮಂದಿ ಕೇಂಬ್ರಿಜ್‌ನಲ್ಲಿ ನೆರೆದರು. ಆ ಗೊಂದಲದಿಂದ ಪಾಠ ಕಲಿತು ಊರುಗಳು ಕುದುರೆ ಸವಾರರ ಸುದ್ದಿ ಜಾಲವನ್ನು ಬಿಗಿಗೊಳಿಸಿದವು, ಕರೆದ ಕ್ಷಣ ಹೊರಡುವ 50 ಜನರ ತುಕಡಿಗಳನ್ನು ಕಟ್ಟಿದವು. ಅಕ್ಟೋಬರ್ 19ರಂದು ರಾಜ ಅಮೆರಿಕಕ್ಕೆ ಮದ್ದುಗುಂಡು ಸಾಗಿಸುವುದನ್ನೇ ನಿಷೇಧಿಸಿದ. ಸುದ್ದಿ ಮುಟ್ಟಿದೊಡನೆ, ಡಿಸೆಂಬರ್ 14ರಂದು, ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್ ಬಂದರಿನ ಕೋಟೆಗೆ ನುಗ್ಗಿ ಜನ ಸುಮಾರು 100 ಪೀಪಾಯಿ ಹೊತ್ತೊಯ್ದರು.

1775ರ ಏಪ್ರಿಲ್ 18ರ ರಾತ್ರಿ ಸುಮಾರು 700 ಸೈನಿಕರು ಕಾಂಕರ್ಡ್‌ಗೆ ಹೊರಟದ್ದು ಇಂಥದ್ದೇ ದಾಸ್ತಾನನ್ನು ನಾಶ ಮಾಡಲು. ಮರುದಿನ ಬೆಳಗ್ಗೆ ಲೆಕ್ಸಿಂಗ್ಟನ್‌ನಲ್ಲಿ ದಾರಿಗೆ ಎದುರಾದ ಎಪ್ಪತ್ತು ಚಿಲ್ಲರೆ ಜನರಲ್ಲಿ 8 ಮಂದಿ ಸತ್ತರು. ಕಾಂಕರ್ಡ್‌ನಲ್ಲಿ ದಾಸ್ತಾನಿನ ಬಹುಭಾಗ ಮೊದಲೇ ಬೇರೆಡೆ ಹೋಗಿತ್ತು. ಸಿಕ್ಕ ಫಿರಂಗಿ ಗಾಡಿಗಳಿಗೆ ಬೆಂಕಿ ಇಟ್ಟಾಗ ಎದ್ದ ಹೊಗೆ ಕಂಡು, ಊರನ್ನೇ ಸುಡುತ್ತಿದ್ದಾರೆ ಎಂದು ಗುಡ್ಡದ ಮೇಲಿದ್ದ ಊರವರ ಪಡೆ ಸೇತುವೆಯತ್ತ ಇಳಿಯಿತು. ಸಂಜೆ ಬಾಸ್ಟನ್‌ಗೆ ಮರಳುವಷ್ಟರಲ್ಲಿ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 273. ಜೂನ್ 17ರ ಬಂಕರ್ ಹಿಲ್ ಕಾಳಗದಲ್ಲಿ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸಾವಿರಕ್ಕೂ ಹೆಚ್ಚಾದರೂ ಅವರು ಗುಡ್ಡ ಗೆದ್ದರು, ಏಕೆಂದರೆ ಮೇಲಿದ್ದವರ ಮದ್ದು ಮುಗಿದಿತ್ತು. ಆಗಸ್ಟ್‌ನಲ್ಲಿ ವಾಷಿಂಗ್ಟನ್ ಲೆಕ್ಕ ತೆಗೆಸಿದಾಗ ಇದ್ದದ್ದು ಒಬ್ಬೊಬ್ಬನಿಗೆ ಒಂಬತ್ತು ಸುತ್ತಿಗೂ ಸಾಲದಷ್ಟು. ಲಾಯದ, ತಂಬಾಕಿನ ಕೊಟ್ಟಿಗೆಗಳ ಮಣ್ಣು ಕೆರೆದು ಪೆಟ್ಲುಪ್ಪು ತೆಗೆಯುವ ವಿಧಾನವನ್ನು ಅಚ್ಚು ಹಾಕಿಸಿ ಹಂಚಿದರು. ಹಾಗೆ ಬಂದದ್ದರಲ್ಲಿ ಅಡುಗೆ ಉಪ್ಪು ಬೆರೆತು, ಗಾಳಿಯ ತೇವ ಹೀರಿ, ಮದ್ದು ಕೆಡುವುದು ಸಾಮಾನ್ಯವಾಗಿತ್ತು. ಯುದ್ಧದ ಮೊದಲ ವರ್ಷಗಳನ್ನು ನಡೆಸಿದ್ದು ಕೆರಿಬಿಯನ್ ದ್ವೀಪಗಳ ಮೂಲಕ ಬಂದ ಫ್ರೆಂಚರ, ಡಚ್ಚರ ಮದ್ದು.

ಇಷ್ಟಾದರೂ ಲೆಕ್ಸಿಂಗ್ಟನ್‌ನಿಂದ ಸ್ವಾತಂತ್ರ್ಯ ಘೋಷಣೆಯವರೆಗೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. 1775ರ ಜುಲೈನಲ್ಲೂ ಕಾಂಗ್ರೆಸ್ ರಾಜನಿಗೆ ವಿನಯದ ಅರ್ಜಿ ಬರೆದಿತ್ತು. ಅವನು ಅದನ್ನು ಸ್ವೀಕರಿಸದೆ ಆಗಸ್ಟ್ 23ರಂದು ವಸಾಹತುಗಳು ದಂಗೆ ಎದ್ದಿವೆ ಎಂದು ಸಾರಿದ. 1776ರ ಘೋಷಣೆಯಲ್ಲಿ 27 ದೂರುಗಳಿವೆ. ಒಪ್ಪಿಗೆಯಿಲ್ಲದೆ ತೆರಿಗೆ ಹಾಕಿದ್ದು ಅದರಲ್ಲಿ 17ನೆಯದು. ಮೊದಲ ದೂರುಗಳೆಲ್ಲ ಶಾಸನಸಭೆ, ನ್ಯಾಯಾಧೀಶರ ಸಂಬಳ ಇವುಗಳ ಬಗ್ಗೆ. ಕೊನೆಯದನ್ನು ಓದುವಾಗ ಮನಸ್ಸು ಕಹಿಯಾಗುತ್ತದೆ: ಮೂಲನಿವಾಸಿಗಳನ್ನು ಅದು ದಯೆಯಿಲ್ಲದ ಅನಾಗರಿಕರು ಎನ್ನುತ್ತದೆ, ಒಳಗಿನ ದಂಗೆಗಳ ಬಗ್ಗೆ ದೂರುತ್ತದೆ. ಆ ದಂಗೆಯೆಂದರೆ, 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರ್ ಬಿಡುಗಡೆಯ ಮಾತು ಕೊಟ್ಟಾಗ ಬಂಡಾಯಗಾರ ಒಡೆಯರ ತೋಟಗಳಿಂದ ಓಡಿಬಂದ ಗುಲಾಮರು. ವಸಾಹತುಗಳ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ಗುಲಾಮರೇ ಇದ್ದರು.

1778ರಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ನಿಂತ ಮೇಲೆ ಈ ಯುದ್ಧ ನಮ್ಮ ಕರಾವಳಿಗೂ ಬಂತು. 1779ರ ಮಾರ್ಚ್‌ನಲ್ಲಿ ಬ್ರಿಟಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಬಂದರು ಅದು, ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಎಚ್ಚರಿಸಿದ್ದ. 1780ರಲ್ಲಿ ಅವನ ಸೈನ್ಯ ಘಟ್ಟ ಇಳಿಯಿತು. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಯ್ಲಿಯ ಪಡೆ ನುಚ್ಚುನೂರಾಯಿತು. ಸುದ್ದಿ ಅಟ್ಲಾಂಟಿಕ್ ದಾಟಿ ಫಿಲಡೆಲ್ಫಿಯಾವನ್ನೂ ಮುಟ್ಟಿತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಾಂಕ್ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರು ಹೈದರ್ ಅಲಿ.