‘ನೆನಪಿಲ್ಲ’ ಅಂದರೆ, ಎಲ್ಲಿ ಕಳೆದುಹೋಯಿತು ಅಂತ ಹುಡುಕಿ

ನಾನು ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಟೇಬಲ್ಲಿಗೆ ಬರುವ ರೆಫರಲ್ ಚೀಟಿಗಳಲ್ಲಿ ಬಹಳಷ್ಟರ ಮೇಲೆ ಒಂದೇ ಸಾಲು ಇರುತ್ತದೆ: ‘ಮರೆವು, ಟೆಸ್ಟಿಂಗ್ ಮಾಡಿ.’ ಪೋಸ್ಟಿಂಗ್‌ಗೆ, ಅಂದರೆ ಆಸ್ಪತ್ರೆಯಲ್ಲಿ ತರಬೇತಿಗೆ, ಬರುವ ಸೈಕಾಲಜಿ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದೇ ಈ ಸಾಲನ್ನು ಬಿಡಿಸಿ ನೋಡುವುದನ್ನು. ವಿಷಯ ತಲೆಯೊಳಗೆ ಹೋಗಲೇ ಇಲ್ಲವಾ? ಹೋಗಿದ್ದು ಉಳಿಯಲಿಲ್ಲವಾ? ಉಳಿದಿದ್ದರೂ ಬೇಕಾದಾಗ ಕೈಗೆ ಸಿಗುತ್ತಿಲ್ಲವಾ? ಇದನ್ನು ಹುಡುಕದೆ ‘ಮೆಮೊರಿ ಕಡಿಮೆ ಇದೆ’ ಅಂತ ರಿಪೋರ್ಟ್ ಬರೆದುಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಅಷ್ಟು ರೋಗಿಯ ಮನೆಯವರಿಗೆ ಮೊದಲೇ ಗೊತ್ತಿತ್ತಲ್ವಾ?

ಎನ್‌ಕೋಡಿಂಗ್ (ಒಳಗೆ ಹೋಗುವುದು), ಸ್ಟೋರೇಜ್ (ಉಳಿಯುವುದು), ರಿಟ್ರೀವಲ್ (ಹುಡುಕಿ ತೆಗೆಯುವುದು) ಅಂತ ಈ ಮೂರನ್ನೂ ಸೈಕಾಲಜಿ ವಿದ್ಯಾರ್ಥಿಗಳಾದ ನೀವು ಓದಿರುತ್ತೀರಿ. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೂ ಇರುತ್ತೀರಿ. ರೋಗಿಯ ಎದುರು ಕೂತಾಗ ಅವು ಹೇಗೆ ಕಾಣುತ್ತವೆ ಅಂತ ಹೇಳುತ್ತೇನೆ.

ನಾವು ಜಾಸ್ತಿ ಬಳಸುವುದು ಪದಪಟ್ಟಿಯ ಟೆಸ್ಟ್. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಆಂದ್ರೆ ರೇ ಮಾಡಿದ್ದು; ನಿಮ್ಹಾನ್ಸ್‌ನ 2004ರ ನ್ಯೂರೋಸೈಕಾಲಜಿ ಬ್ಯಾಟರಿಯಲ್ಲೂ (ಮೆದುಳಿನ ಕೆಲಸ ಅಳೆಯುವ ಟೆಸ್ಟುಗಳ ಗುಚ್ಛ) ಇದರ ಒಂದು ರೂಪ ಇದೆ. 15 ಪದಗಳನ್ನು ನಿಧಾನವಾಗಿ ಓದಿ ಹೇಳುತ್ತೇವೆ. ನೆನಪಿದ್ದಷ್ಟನ್ನು ಅವರು ಹೇಳಬೇಕು. ಅದೇ ಪಟ್ಟಿಯನ್ನು ಐದು ಸಲ ಓದುತ್ತೇವೆ. ಆಮೇಲೆ ಬೇರೊಂದು ಪಟ್ಟಿ ಓದಿ, ಮೊದಲಿನದನ್ನು ಮತ್ತೆ ಕೇಳುತ್ತೇವೆ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಕೊಟ್ಟು, ಏನೂ ಓದದೆ, ಇನ್ನೊಮ್ಮೆ ಕೇಳುತ್ತೇವೆ. ಕೊನೆಗೆ ಪಟ್ಟಿಯ ಪದಗಳ ಜೊತೆ ಹೊಸ ಪದಗಳನ್ನು ಬೆರೆಸಿ, ‘ಇದು ಇತ್ತಾ?’ ಅಂತ ಒಂದೊಂದನ್ನೇ ಕೇಳುತ್ತೇವೆ. ಟೆಸ್ಟಿನ ನಿಜವಾದ ಪದಗಳನ್ನು ಇಲ್ಲಿ ಬರೆಯಬಾರದು, ಹಾಗಾಗಿ ಬಾವಿ, ಚಾಪೆ, ಕೊಡೆ, ನವಿಲು ಅಂತಿಟ್ಟುಕೊಳ್ಳೋಣ.

ನಾನು ಆಗಾಗ ನೋಡುವ ಎರಡು ಬಗೆಯ ಜನರಿದ್ದಾರೆ. ಒಬ್ಬರು ನಿವೃತ್ತರಾದ ಯಜಮಾನರು. ಹೆಂಡತಿ ತೀರಿಕೊಂಡಿದ್ದಾರೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ‘ನಂಗೆ ಏನೂ ನೆನಪಿರಲ್ಲ ಮೇಡಂ’ ಅಂತ ಅವರೇ ಹೇಳುತ್ತಾರೆ. ಮೊದಲ ಸಲ ನಾಲ್ಕು ಪದ, ಐದನೇ ಸಲಕ್ಕೆ ಕಷ್ಟಪಟ್ಟು ಎಂಟು. ಅರ್ಧ ಗಂಟೆ ಬಿಟ್ಟು ಕೇಳಿದರೆ ‘ಗೊತ್ತಿಲ್ಲ, ಬಿಡಿ’ ಅನ್ನುತ್ತಾರೆ. ಆದರೆ ‘ಬಾವಿ ಇತ್ತಾ?’ ಅಂದರೆ ‘ಹೂಂ.’ ‘ಮರ?’ ‘ಇಲ್ಲ.’ ‘ಕೊಡೆ?’ ‘ಇತ್ತು.’ ಹೆಚ್ಚುಕಡಿಮೆ ಎಲ್ಲವೂ ಸರಿ! ಪದಗಳು ಒಳಗೇ ಇದ್ದವು. ಹುಡುಕಿ ತೆಗೆಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಇನ್ನೊಬ್ಬರು ಒಬ್ಬ ಅಜ್ಜಿ. ನಗುನಗುತ್ತಾ ಮಾತಾಡುತ್ತಾರೆ, ‘ನಂಗೇನಾಗಿದೆ, ಚೆನ್ನಾಗೇ ಇದ್ದೀನಿ, ಇವರೇ ಸುಮ್ನೆ ಕರ್ಕೊಂಡು ಬಂದ್ರು’ ಅನ್ನುತ್ತಾರೆ. ಓದಿದ ತಕ್ಷಣ ಆರೇಳು ಪದ ಹೇಳುತ್ತಾರೆ, ಅದರಲ್ಲೂ ಪಟ್ಟಿಯ ಕೊನೆಯವೇ ಜಾಸ್ತಿ. ಚಾಪೆ ಇದ್ದಲ್ಲಿ ದಿಂಬು ಅನ್ನುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಕೇಳಿದರೆ ‘ಯಾವ ಪದ? ನೀವು ಯಾವಾಗ ಓದಿದ್ರಿ?’ ‘ಇದು ಇತ್ತಾ ಅಜ್ಜಿ?’ ಅಂತ ಕೇಳುತ್ತಾ ಹೋದರೆ ಬಾವಿಗೂ ಹೌದು, ಮರಕ್ಕೂ ಹೌದು, ದಿಂಬಿಗೂ ಹೌದು. ಇಲ್ಲಿ ಸುಳಿವು ಕೊಟ್ಟರೂ ಉಪಯೋಗವಾಗಲಿಲ್ಲ, ಯಾಕೆಂದರೆ ಹುಡುಕಲು ಒಳಗೆ ಏನೂ ಉಳಿದಿಲ್ಲ.

ಬರೀ ‘ನೆನಪು ಮಾಡಿಕೊಂಡು ಹೇಳಿ’ ಅನ್ನುವಲ್ಲಿಗೇ ಟೆಸ್ಟ್ ನಿಲ್ಲಿಸಿದ್ದರೆ ಇಬ್ಬರ ಸ್ಕೋರೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತಿತ್ತು. ನಾನು ಈ ಕೆಲಸದಲ್ಲಿ ಕಲಿತ ದೊಡ್ಡ ಪಾಠ ಇದು. ಸುಳಿವು ಕೊಟ್ಟು ನೋಡುವವರೆಗೆ ನೆನಪು ಹೋಗಿದೆ ಅಂತ ಹೇಳಬೇಡಿ. 1966ರಲ್ಲಿ ಟುಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ಎಂಬ ಮನೋವಿಜ್ಞಾನಿಗಳು ತೋರಿಸಿದ್ದೂ ಇದನ್ನೇ. ಕೆಲವರಿಗೆ ಪದಗಳು ಯಾವ ಗುಂಪಿಗೆ ಸೇರಿದವು ಅಂತ ಸುಳಿವು ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಸುಳಿವು ಸಿಕ್ಕವರು ತುಂಬ ಹೆಚ್ಚು ಪದ ಹೇಳಿದರು. ಒಳಗೆ ಇರುವುದೇ ಬೇರೆ, ಕೈಗೆ ಸಿಗುವುದೇ ಬೇರೆ.

ಹಾಗಂತ ಒಂದೇ ಟೆಸ್ಟಿನಿಂದ ಕಾಯಿಲೆಯ ಹೆಸರು ಹೇಳಲು ಬರುವುದಿಲ್ಲ. ಖಿನ್ನತೆ ಮತ್ತು ಡಿಮೆನ್ಶಿಯಾ (ಮರೆವಿನ ಕಾಯಿಲೆ) ಒಟ್ಟಿಗೇ ಇರಬಹುದು. ಥೈರಾಯ್ಡ್, ಬಿ12 ಕೊರತೆ, ನಿದ್ದೆ ಮಾತ್ರೆ ಇವೂ ನೆನಪನ್ನು ಕೆಡಿಸುತ್ತವೆ. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಡಾಕ್ಟರು ನೋಡುತ್ತಾರೆ. ನಮ್ಮ ಕಡೆಯಿಂದ ಟೆಸ್ಟ್ ಶುರು ಮಾಡುವ ಮೊದಲು ಎರಡು ವಿಷಯ ನೋಡಲೇಬೇಕು. ಕಿವಿ ಕೇಳಿಸುತ್ತಾ, ಮನೆಮಾತು ಯಾವುದು. ಮನೆಯಲ್ಲಿ ತುಳುವೋ ಉರ್ದುವೋ ಆಡುವವರಿಗೆ ಪುಸ್ತಕದ ಕನ್ನಡ ಪದ ಓದಿ ಹೇಳಿದರೆ, ನಾವು ಅಳೆಯುವುದು ಅವರ ಕನ್ನಡವನ್ನು, ನೆನಪನ್ನಲ್ಲ.

ಆ ಅಜ್ಜಿಯಂಥವರನ್ನು ನೋಡಿದಾಗ ಹೆನ್ರಿ ಮೊಲೈಸನ್ ನೆನಪಾಗುತ್ತಾರೆ. ಪುಸ್ತಕಗಳಲ್ಲಿ ಎಚ್.ಎಂ. ಅಂತ ಇರುವವರು ಇವರೇ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ವಿಪರೀತವಾಗಿದ್ದ ಮೂರ್ಛೆರೋಗಕ್ಕೆಂದು ಸರ್ಜನ್ ವಿಲಿಯಂ ಸ್ಕೋವಿಲ್ ಆಪರೇಷನ್ ಮಾಡಿದರು. ಹೊಸ ನೆನಪು ಉಳಿಯಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ತುಂಡು ಮೆದುಳಿನ ಎರಡೂ ಕಡೆ ಹೋಯಿತು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ನೆನಪು ಉಳಿಯುವುದೇ ನಿಂತುಹೋಯಿತು. ಮಾತು, ಬುದ್ಧಿ ಎಲ್ಲ ಚೆನ್ನಾಗಿತ್ತು. ಹೇಳಿದ ಅಂಕಿಗಳನ್ನು ಆಗಲೇ ತಿರುಗಿ ಹೇಳುತ್ತಿದ್ದರು. ಸ್ವಲ್ಪ ಹೊತ್ತು ಗಮನ ಬೇರೆ ಕಡೆ ಹೋದರೆ ಮುಗಿಯಿತು. ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್ ವರ್ಷಗಟ್ಟಲೆ ಅವರನ್ನು ಪರೀಕ್ಷೆ ಮಾಡಿದರು, ಆದರೂ ಅವರಿಗೆ ಮಿಲ್ನರ್ ಪ್ರತಿ ಸಲವೂ ಹೊಸಬರೇ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು, ಆ ಕೆಲಸ ಹಿಂದೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ! ಕೈ ಕಲಿಯುವ ನೆನಪಿನ ದಾರಿ ಬೇರೆ. ಬೆಳಗಿನ ತಿಂಡಿ ನೆನಪಿಲ್ಲದ ಅಜ್ಜಿಯಂದಿರು ಕಾಯಿಲೆಯ ಶುರುವಿನಲ್ಲಿ ಚುಕ್ಕಿ ರಂಗೋಲಿಯನ್ನು ಒಂದು ಎಳೆಯೂ ತಪ್ಪದೆ ಹಾಕುವುದನ್ನು ಮನೆಯವರು ಬೆರಗಿನಿಂದ ಹೇಳುತ್ತಾರೆ.

ಈ ಬೆರಗು ಬೇಗ ಅನುಮಾನವಾಗುತ್ತದೆ, ಅಲ್ಲಿ ನಮ್ಮ ಕೆಲಸ ದೊಡ್ಡದು. ‘ನಾಟಕ ಆಡ್ತಾರೆ ಮೇಡಂ. ನಲವತ್ತು ವರ್ಷದ ಹಿಂದಿನ ಮದುವೇಲಿ ಏನೇನು ಬಡಿಸಿದ್ರು ಅಂತ ಹೇಳ್ತಾರೆ. ನಾನು ಹಾಕಿದ ಊಟ ಮಾತ್ರ ನೆನಪಿಲ್ವಂತೆ. ಸೊಸೆ ಊಟಾನೇ ಹಾಕಲ್ಲ ಅಂತ ಪಕ್ಕದ ಮನೇಲಿ ಹೇಳ್ತಾರೆ.’ ಈ ಮಾತು ಹೇಳುವಾಗ ಎಷ್ಟೋ ಸೊಸೆಯರು ಅಳುತ್ತಾರೆ. ಹಳೆಯದು ಉಳಿದು ಹೊಸದು ಮೊದಲು ಹೋಗುತ್ತದೆ ಅಂತ ಫ್ರಾನ್ಸಿನ ಮನೋವಿಜ್ಞಾನಿ ರಿಬೋ 1881ರಲ್ಲೇ ಬರೆದಿದ್ದರು. ಆ ಮದುವೆ ಊಟ ವರ್ಷಗಳಿಂದ ಮತ್ತೆ ಮತ್ತೆ ಹೇಳಿ ಗಟ್ಟಿಯಾದ ನೆನಪು. ಮಧ್ಯಾಹ್ನದ ಊಟದ ನೆನಪು ಒಳಗೆ ನಿಲ್ಲಲೇ ಇಲ್ಲ. ಅತ್ತೆ ಸುಳ್ಳು ಹೇಳುತ್ತಿಲ್ಲ, ಅವರ ಪಾಲಿಗೆ ಊಟ ಆಗಿಯೇ ಇಲ್ಲ. ಇದನ್ನು ಮನೆಯವರಿಗೆಲ್ಲ ಒಟ್ಟಿಗೆ ಕೂರಿಸಿ ಹೇಳುವುದು ಸ್ಕೋರು ಬರೆಯುವುದಕ್ಕಿಂತ ಮುಖ್ಯ ಅಂತ ನಾನು ನಂಬಿದ್ದೇನೆ. ಅತ್ತೆಗೂ ‘ನೆನಪಿದೆಯಾ? ಈಗ ತಾನೇ ಹೇಳಿದ್ನಲ್ಲ?’ ಅಂತ ಪದೇ ಪದೇ ಪರೀಕ್ಷೆ ಮಾಡುವುದು ಬೇಡ. ‘ಈಗ ಊಟ ಆಯ್ತು ಅತ್ತೆ, ಸಾರು ಚೆನ್ನಾಗಿತ್ತು ಅಂದ್ರಿ’ ಅಂತ ಹೇಳಿಬಿಡುವುದು ಒಳ್ಳೆಯದು.

ಹಿಸ್ಟರಿ ತೆಗೆಯುವಾಗ, ಅಂದರೆ ಕಾಯಿಲೆಯ ಹಿನ್ನೆಲೆ ಕೇಳಿ ಬರೆದುಕೊಳ್ಳುವಾಗ, ಇನ್ನೊಂದು ಎಚ್ಚರ ಬೇಕು. ಅಲ್ಲಿ ಮನೆಯವರ ನೆನಪೂ ಕೆಲಸ ಮಾಡುತ್ತಿರುತ್ತದೆ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನಿಗಳು 150 ಜನರಿಗೆ ಕಾರು ಅಪಘಾತದ ಒಂದು ಚಲನಚಿತ್ರ ತೋರಿಸಿದರು. ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತು ಅಂತ 50 ಜನರಿಗೆ ಕೇಳಿದರು, ‘ಗುದ್ದಿದಾಗ’ ಅಂತ ಇನ್ನು 50 ಜನರಿಗೆ. ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂತ ಕೇಳಿದಾಗ ಮೊದಲ ಗುಂಪಿನಲ್ಲಿ 16 ಜನ ಹೌದು ಅಂದರು, ಎರಡನೆಯದರಲ್ಲಿ 7 ಜನ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ನಾವು ‘ಆರು ತಿಂಗಳಿಂದ ಮರೆವಾ?’ ಅಂತ ಕೇಳಿದರೆ ಮನೆಯವರು ‘ಹೌದು, ಆರು ತಿಂಗಳು’ ಅನ್ನುತ್ತಾರೆ. ಕೇಸ್ ಶೀಟ್‌ನಲ್ಲಿ ಅದೇ ಉಳಿಯುತ್ತದೆ. ಹಬ್ಬ ಹಿಡಿದು ಕೇಳಿ. ‘ಹೋದ ಯುಗಾದಿಗೆ ಒಬ್ಬಟ್ಟು ಯಾರು ಮಾಡಿದ್ರು? ಅದರ ಹಿಂದಿನ ವರ್ಷ?’ ಆಗ ಮಗಳು ಸ್ವಲ್ಪ ಯೋಚಿಸಿ, ‘ಎರಡು ವರ್ಷದಿಂದ ಅಮ್ಮ ಹೂರಣಕ್ಕೆ ಕೈ ಹಾಕಿಲ್ಲ. ಕೊನೇ ಸಲ ಬೆಲ್ಲ ಎರಡು ಸಲ ಹಾಕಿಬಿಟ್ಟಿದ್ರು’ ಅನ್ನುತ್ತಾರೆ. ‘ವಯಸ್ಸಾಯ್ತು, ಅರಳು ಮರಳು’ ಅಂತ ಮನೆಯವರು ಬಿಟ್ಟಿದ್ದ ದಿನಗಳಲ್ಲೇ ಕಾಯಿಲೆ ಶುರುವಾಗಿತ್ತು ಅಂತ ಆಗ ತಿಳಿಯುತ್ತದೆ.

ತುಂಬ ವರ್ಷ ಕುಡಿದು, ಊಟ ಬಿಟ್ಟು, ಥಯಮಿನ್ (ವಿಟಮಿನ್ ಬಿ1) ಕೊರತೆಯಾದವರಲ್ಲಿ ಕೊರ್ಸಕಾಫ್ ಎಂಬ ಮರೆವಿನ ತೊಂದರೆ ಕಾಣುತ್ತದೆ. ವಾರ್ಡಿನಲ್ಲೇ ಮಲಗಿದ್ದರೂ ‘ಬೆಳಿಗ್ಗೆ ಗದ್ದೆಗೆ ಹೋಗಿ ಬಂದೆ’ ಅಂತ ವಿವರವಾಗಿ ಹೇಳುತ್ತಾರೆ. ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಕೊನೆಗೆ ಪೋಸ್ಟಿಂಗ್‌ಗೆ ಬರುವವರಿಗೆ ಒಂದು ಮಾತು. ಟೆಸ್ಟಿನ ಸೂಚನೆಗಳನ್ನು ಮ್ಯಾನ್ಯುಯಲ್ ನೋಡಿ ನೋಡಿ ಓದಿದರೆ ಎದುರಿಗಿರುವ ಹಿರಿಯರು ಗಾಬರಿಯಾಗುತ್ತಾರೆ. ಕಲಿತು ಬನ್ನಿ. ಕಲಿಯುವಾಗ ಬರೀ ತಿರುಗಿ ತಿರುಗಿ ಓದಬೇಡಿ, ಪುಸ್ತಕ ಮುಚ್ಚಿ ಹೇಳಿಕೊಳ್ಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು, ಓದಿದ್ದರಲ್ಲಿ ಎಷ್ಟು ನೆನಪಿರುತ್ತದೆ ಅಂತ ಇದನ್ನು ಅಳೆದು ನೋಡಿದ್ದಾರೆ. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಶೇ. 81ಕ್ಕೆ 75. ಒಂದು ವಾರದ ನಂತರ ಒಂದು ಸಲ ಓದಿ, ಪುಸ್ತಕವಿಲ್ಲದೆ ನೆನಪಿನಿಂದ ಬರೆದವರು ಮುಂದಾದರು, ಶೇ. 56ಕ್ಕೆ 42. ರೂಮ್‌ಮೇಟನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಟೆಸ್ಟನ್ನು ಬಾಯಲ್ಲೇ ಒಮ್ಮೆ ಮಾಡಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಆಮೇಲೆ ವಾರ್ಡಿಗೆ ಬನ್ನಿ.