ಮಂಡ್ಯ–ಮೈಸೂರು ಸಿಗ್ನಲ್ ದಾಖಲೆ: ಐದನೆಯ ತಿಂಗಳ ವರದಿ

ಮಂಡ್ಯದಿಂದ ಮೈಸೂರಿನವರೆಗಿನ ಸುಮಾರು 45 ಕಿಲೋಮೀಟರ್ ಹಳಿಯ ಪಕ್ಕದಲ್ಲಿ ನಿಂತಿರುವ ಸಿಗ್ನಲ್ ಕಂಬಗಳು, ಗೇಟುಗಳು ಮತ್ತು ಸೂಚನಾ ಫಲಕಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸುವ ಕೆಲಸ ಆರಂಭವಾಗಿ ಐದು ತಿಂಗಳಾಯಿತು. ಮೈಸೂರಿನ ಕಡೆಗೆ ಹೋಗುವ ಹಳಿಯ ಪಟ್ಟಿ ಬಹುತೇಕ ಮುಗಿದಿದೆ. ಬೆಂಗಳೂರಿನ ಕಡೆಯ ಹಳಿಯದು ಮಾತ್ರ ಶ್ರೀರಂಗಪಟ್ಟಣದಲ್ಲೇ ನಿಂತಿದೆ, ಏಕೆಂದರೆ ಸಂಜೆ ಕೆಲಸ ಮುಗಿಸಿ ಮರಳುವಾಗ ಕಿಟಕಿಯ ಪಕ್ಕದ ಸೀಟು ಸಿಗುವುದು ಅಪರೂಪ. ಈ ತಿಂಗಳು ಹೊಸದಾಗಿ ಬರೆದದ್ದಕ್ಕಿಂತ ಹಳೆಯದನ್ನು ಹೊಡೆದುಹಾಕಿದ್ದೇ ಹೆಚ್ಚಾದ್ದರಿಂದ ಈ ವರದಿಯ ಬಹುಭಾಗ ತಿದ್ದುಪಡಿಯದೇ ಆಗಿದೆ.

ಪ್ರತಿ ಕಂಬಕ್ಕೂ ನೋಟ್‌ಬುಕ್ಕಿನಲ್ಲಿ ಐದು ಕಾಲಂಗಳಿವೆ: ಜಾಗ, ಸಿಗ್ನಲ್‌ನ ಬಗೆ, ಎಷ್ಟು ದೀಪ, ಕಂಬಕ್ಕೆ ಹೊಡೆದ ಬಿಲ್ಲೆ, ಕಂಡ ಬಣ್ಣ. ಜಾಗವನ್ನು ಗುರುತಿಸುವುದು ಕಷ್ಟವಲ್ಲ. ವಿದ್ಯುತ್ ತಂತಿಯನ್ನು ಹೊತ್ತ ಕಂಬಗಳ ಮೇಲೆ ಭಿನ್ನರಾಶಿಯಂತೆ ಎರಡು ಸಂಖ್ಯೆಗಳಿರುತ್ತವೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗೆ ಕಂಬದ ಕ್ರಮಸಂಖ್ಯೆ. ಸಿಗ್ನಲ್‌ಗೆ ಅತಿ ಹತ್ತಿರದ ತಂತಿಕಂಬದ ಸಂಖ್ಯೆಯನ್ನು ಬರೆದುಕೊಂಡರೆ ಸಾಕು, ಮರುದಿನ ಅದೇ ಜಾಗವನ್ನು ಕಣ್ಣು ಮುಚ್ಚಿಕೊಂಡು ಹುಡುಕಬಹುದು. ಜೋಡಿ ಹಳಿಯಲ್ಲಿ ಗಾಡಿಗಳು ಎಡಗಡೆಯ ಹಳಿಯಲ್ಲಿ ಓಡುವುದರಿಂದಲೂ, ಸಿಗ್ನಲ್‌ಗಳು ಸಾಮಾನ್ಯವಾಗಿ ಹಳಿಯ ಎಡಕ್ಕೇ ಇರುವುದರಿಂದಲೂ, ಎಡಬದಿಯ ಕಿಟಕಿ ಸಿಕ್ಕ ದಿನ ಮಾತ್ರ ಕೆಲಸ ಸಾಗುತ್ತದೆ.

ತಪ್ಪಾದದ್ದು ಐದನೆಯ ಕಾಲಂನಲ್ಲಿ. ಮೊದಲ ಮೂರು ತಿಂಗಳ ಪುಟಗಳನ್ನು ಒಂದು ಭಾನುವಾರ ಮೊದಲಿನಿಂದ ತಿರುವಿದಾಗ ಬಣ್ಣದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಕೆಂ’, ‘ಕೆಂ’, ‘ಕೆಂ’ ಎಂದೇ ಇತ್ತು. ಅಷ್ಟೊಂದು ಕೆಂಪು ದೀಪಗಳನ್ನು ದಾಟಿಕೊಂಡು ಗಾಡಿ ದಿನವೂ ಮೈಸೂರು ಸೇರುತ್ತಿದೆಯೆಂದರೆ ನೋಡಿದವನಲ್ಲಿಯೇ ಏನೋ ದೋಷವಿರಬೇಕು. ವಿಚಾರ ಮಾಡಿದಾಗ ಉತ್ತರ ಸರಳವಾಗಿತ್ತು: ಎಂಜಿನ್ನಿನ ಮೊದಲ ಚಕ್ರಗಳು ಸಿಗ್ನಲ್ ದಾಟಿ ಮುಂದಿನ ಹಳಿಯ ತುಂಡನ್ನು ಮುಟ್ಟಿದೊಡನೆ ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ಗಾಡಿಯನ್ನು ಗುರುತಿಸುವ ಟ್ರ್ಯಾಕ್ ಸರ್ಕ್ಯೂಟ್ ಅಥವಾ ಚಕ್ರ ಎಣಿಸುವ ಆಕ್ಸಲ್ ಕೌಂಟರ್ ‘ಇಲ್ಲಿ ಗಾಡಿಯಿದೆ’ ಎಂದು ತಿಳಿಸುತ್ತದೆ, ಸಿಗ್ನಲ್ ತಾನಾಗಿಯೇ ಕೆಂಪಾಗುತ್ತದೆ. ಹನ್ನೆರಡನೆಯ ಬೋಗಿಯಲ್ಲಿ ಕುಳಿತ ನಾನು ಎಂಜಿನ್ನಿಗಿಂತ ಸುಮಾರು ಕಾಲು ಕಿಲೋಮೀಟರ್ ಹಿಂದಿರುತ್ತೇನೆ. ಲೋಕೋ ಪೈಲಟ್ ಕಂಡ ಹಸಿರು ಪ್ರಯಾಣಿಕನಿಗೆ ಎಂದೂ ಕಾಣುವುದಿಲ್ಲ. ಅವನ ಪಾಲಿಗೆ ಬರುವುದು ಅವನದೇ ಗಾಡಿ ಹಚ್ಚಿದ ಕೆಂಪು. ದೊಡ್ಡ ತಿರುವಿನಲ್ಲಿ ಗಾಡಿ ಬಿಲ್ಲಿನಂತೆ ಬಾಗಿದಾಗ ಎಂಜಿನ್ನಿನ ಮುಂದಿನ ದೀಪ ಅರೆಕ್ಷಣ ಕಾಣುವುದುಂಟು, ಆದರೆ ಅದನ್ನು ನಂಬಿ ಪಟ್ಟಿ ತುಂಬಲಾಗದು. ಮೂರು ತಿಂಗಳ ಐದನೆಯ ಕಾಲಂ ಪೂರ್ತಿ ಹೊಡೆದುಹಾಕಿದೆ.

ಹಾಗಾಗಿ ಗಾಡಿಯಿಂದ ಇಳಿದು ಗೇಟಿಗೆ ಹೋದೆ. ಮಂಡ್ಯದಿಂದ ಸ್ಕೂಟರಿನಲ್ಲಿ ಹೋಗಬಹುದಾದಷ್ಟು ದೂರದಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇರುವ ಗೇಟು ಅದು. ರಸ್ತೆಯ ಎರಡೂ ಕಡೆ ಕಬ್ಬಿಣದ ಹೈಟ್ ಗೇಜ್ ಕಮಾನುಗಳಿವೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುವುದರಿಂದ 4.67 ಮೀಟರಿಗಿಂತ ಎತ್ತರದ ಹೊರೆ ಅದರಡಿ ಹೋಗದಂತೆ ಈ ಕಮಾನು ತಡೆಯುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ನವರು ಲೆಕ್ಕಕ್ಕಿಂತ ಎರಡು ಕಟ್ಟು ಹೆಚ್ಚು ಪೇರಿಸಿಕೊಂಡು ಬರುತ್ತಾರೆ. ನಾನು ಹೋದ ದಿನ ಕಮಾನಿನ ಅಡ್ಡಪಟ್ಟಿಗೆ ಏಳೆಂಟು ಕಬ್ಬಿನ ಜಲ್ಲೆಗಳು ಸೋಗೆ ಸಮೇತ ಸಿಕ್ಕಿಕೊಂಡು, ಬಾಡಿ, ತೋರಣದಂತೆ ನೇತಾಡುತ್ತಿದ್ದವು. ಕೆಳಗೆ ನಿಂತಿದ್ದ ಮೇಕೆಯೊಂದು ಅವುಗಳ ಮೇಲೆ ಕಣ್ಣಿಟ್ಟಿತ್ತು.

ರಸ್ತೆಗೆ ಅಡ್ಡ ಬೀಳುವ ಗೇಟಿನ ಕಂಬ, ಅಂದರೆ ಬೂಮ್, ಇಳಿದದ್ದು ಬೆಳಿಗ್ಗೆ 7.42ಕ್ಕೆ. ಒಳಗೆ ಫೋನ್ ಬಾರಿಸಿತು, ಗೇಟ್‌ಮನ್ ಹೊರಬಂದು ಎರಡೂ ಕಡೆಯ ರಸ್ತೆ ನೋಡಿದರು, ಹ್ಯಾಂಡಲ್ ತಿರುಗಿಸಿದರು, ಕೆಂಪು ತಟ್ಟೆ ಹೊತ್ತ ಬೂಮ್‌ಗಳೆರಡೂ ಕಿರುಗುಟ್ಟುತ್ತ ಇಳಿದವು. ಎಂಜಿನ್ ದಾಟಿದ್ದು 7.49ಕ್ಕೆ. ಈ ಏಳು ನಿಮಿಷಗಳಲ್ಲಿ ಬೈಕ್‌ನವರು ಗೇಟ್‌ಮನ್ನರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಇಂಟರ್‌ಲಾಕ್ ಆದ ಗೇಟಿನಲ್ಲಿ ಸಿಗ್ನಲ್ ಕೊಟ್ಟ ಮೇಲೆ ಗೇಟು ಅವರ ಕೈಯಲ್ಲಿ ಇರುವುದಿಲ್ಲ. ಗೇಟು ಮುಚ್ಚಿ ಬೀಗ ಬಿದ್ದ ಹೊರತು ಗಾಡಿಗೆ ಹಸಿರು ಸಿಗದು. ಹಸಿರು ಸಿಕ್ಕ ಮೇಲೆ ಗಾಡಿ ದಾಟಿ ಸಿಗ್ನಲ್ ಕೆಂಪಿಗೆ ಮರಳಿದ ಹೊರತು ಬೀಗ ಬಿಡದು. ಎಷ್ಟು ಮುಂಚೆ ಮುಚ್ಚಬೇಕೆಂಬುದಕ್ಕೂ ಸರಳ ಲೆಕ್ಕವಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಒಂದು ಕಿಲೋಮೀಟರನ್ನು 36 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಮುನ್ಸೂಚನೆ ಕೊಡುವ ಡಿಸ್ಟೆಂಟ್ ಸಿಗ್ನಲ್ ನಿಲ್ಲಬೇಕಾದ ಸಿಗ್ನಲ್‌ಗಿಂತ ಒಂದು ಕಿಲೋಮೀಟರ್ ಹಿಂದೆ, ಎರಡು ಡಿಸ್ಟೆಂಟ್‌ಗಳಿದ್ದಲ್ಲಿ ಮೊದಲನೆಯದು ಎರಡು ಕಿಲೋಮೀಟರ್ ಹಿಂದೆ ಇರುತ್ತದೆ. ಲೋಕೋ ಪೈಲಟ್ ಬ್ರೇಕ್ ಮುಟ್ಟದೆ ಬರಬೇಕಾದರೆ ಮೊದಲ ಡಿಸ್ಟೆಂಟ್ ಕಣ್ಣಿಗೆ ಬೀಳುವ ಮೊದಲೇ ಗೇಟು ಮುಚ್ಚಿರಬೇಕು. ಅಲ್ಲಿಗೆ ಒಂದೂಕಾಲು ನಿಮಿಷ ಹೋಯಿತು. ಹಿಂದಿನ ನಿಲ್ದಾಣದ ಫೋನು, ಬೂಮ್ ಇಳಿಸುವುದು, ಎತ್ತಿನ ಗಾಡಿಯೊಂದು ನಡುವೆ ಸಿಕ್ಕಿಕೊಳ್ಳುವುದು ಇವೆಲ್ಲ ಅದರ ಮೇಲೆ. ಎದುರು ಹಳಿಯಲ್ಲೂ ಗಾಡಿ ಬರುವಂತಿದ್ದರೆ ಕೇಳುವುದೇ ಬೇಡ.

ಗೇಟಿನ ಬಳಿ ನಿಂತರೆ ಎಲ್ಲ ಕಾಣುತ್ತದೆಂದುಕೊಂಡದ್ದು ಎರಡನೆಯ ತಪ್ಪು. ಗೇಟ್ ಸಿಗ್ನಲ್ ಬರುವ ಗಾಡಿಗೆ ಮುಖ ಮಾಡಿರುತ್ತದೆ. ಗೇಟಿನಲ್ಲಿ ನಿಂತವನಿಗೆ ಎರಡೂ ದಿಕ್ಕಿನ ಸಿಗ್ನಲ್‌ಗಳ ಬೆನ್ನಷ್ಟೇ ಕಾಣುತ್ತದೆ. ಹಳಿಯ ಪಕ್ಕದಲ್ಲಿ ನಡೆದು ಮುಂದೆ ಹೋಗಬಹುದಿತ್ತು, ಆದರೆ ಅದು 1989ರ ರೈಲ್ವೆ ಕಾಯ್ದೆಯ 147ನೆಯ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ, ಹವ್ಯಾಸಕ್ಕಾಗಿ ಮಾಡುವಂಥದ್ದಲ್ಲ. ಎರಡು ಭಾನುವಾರ ಸುತ್ತಾಡಿದ ಮೇಲೆ ನಾಲೆಯ ಏರಿಯ ಮೇಲಿನ ಬಂಡಿದಾರಿ ಸಿಕ್ಕಿತು. ಅಲ್ಲಿಂದ ಗೇಟ್ ಸಿಗ್ನಲ್‌ನ ಮುಖವೂ, ಅದರಾಚೆ ದೂರದಲ್ಲಿ ಬೂಮ್‌ನ ತುದಿಯೂ ಒಂದೇ ನೋಟಕ್ಕೆ ಸಿಗುತ್ತವೆ. ದುರ್ಬೀನು ಹಿಡಿದು ಕುಳಿತವನಿಗೆ ಬೂಮ್ ಇಳಿದದ್ದು, ಕೆಂಪು ಹೋಗಿ ಹಸಿರು ಬಂದದ್ದು, ಎಂಜಿನ್ ಕಂಬ ದಾಟುತ್ತಿದ್ದಂತೆ ಹಸಿರು ಹಾರಿದ್ದು, ಮೂರೂ ಸಾಲಾಗಿ ಕಂಡವು. ಐದನೆಯ ಕಾಲಂನಲ್ಲಿ ಮೊದಲ ‘ಹ’ ಬಿದ್ದದ್ದು ಆ ದಿನ.

ಅದೇ ಏರಿಯ ಮೇಲೆ ಎರಡನೆಯ ಕಾಲಂನ ದೋಷವೂ ಬಯಲಾಯಿತು. ಈ ಕಂಬವನ್ನು ನಾನು ಮುಂದಿನ ನಿಲ್ದಾಣದ ಹೋಮ್ ಸಿಗ್ನಲ್, ಅಂದರೆ ನಿಲ್ದಾಣದೊಳಗೆ ಬರಲು ಅಪ್ಪಣೆ ಕೊಡುವ ಸಿಗ್ನಲ್, ಎಂದು ಬರೆದಿದ್ದೆ. ಕಂಬದ ಮೇಲೆ ಹಳದಿ ಬಿಲ್ಲೆ, ಅದರಲ್ಲಿ ಕಪ್ಪು ಬಣ್ಣದ ಇಂಗ್ಲಿಷಿನ ‘ಜಿ’ ಅಕ್ಷರ, ಅಂದರೆ ಗೇಟ್ ಸಿಗ್ನಲ್. ಓಡುವ ಗಾಡಿಯಿಂದ ಬಿಲ್ಲೆಯಿದೆಯೆಂದು ಕಂಡಿತ್ತು, ಅಕ್ಷರ ಕಂಡಿರಲಿಲ್ಲ. ವ್ಯತ್ಯಾಸ ಚಿಕ್ಕದೇನಲ್ಲ. ಹೋಮ್ ಸಿಗ್ನಲ್ ಕೆಂಪಿದ್ದರೆ ಅಪ್ಪಣೆಯಿಲ್ಲದೆ ಗಾಡಿ ಕದಲುವಂತಿಲ್ಲ. ‘ಜಿ’ ಬಿಲ್ಲೆಯ ಸಿಗ್ನಲ್ ಕೆಂಪಿದ್ದರೆ ಲೋಕೋ ಪೈಲಟ್ ಸೀಟಿ ಹಾಕಿ, ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾದು, ಎಚ್ಚರದಿಂದ ಗೇಟಿನವರೆಗೆ ಬಂದು, ಗೇಟ್‌ಮನ್ ಕೈಸನ್ನೆ ತೋರಿಸಿದರೆ ಮುಂದೆ ಹೋಗಬಹುದು. ಬಿಲ್ಲೆಯ ಕಾಲಂ ಖಾಲಿಯಿರುವ ಎಲ್ಲ ಕಂಬಗಳಿಗೂ ಈಗ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಒಟ್ಟು 14 ಆದವು.

ಪುಸ್ತಕ, ಪೆನ್ನು, ದುರ್ಬೀನು ಹಿಡಿದವನನ್ನು ನಮ್ಮ ಕಡೆ ಯಾರೂ ಹವ್ಯಾಸಿ ಎಂದುಕೊಳ್ಳುವುದಿಲ್ಲ. ಹುಲ್ಲಿನ ಹೊರೆ ಹೊತ್ತು ಬಂದ ಹಿರಿಯರೊಬ್ಬರು ಹೊರೆ ಇಳಿಸಿಯೇ ಕೇಳಿದರು: “ಸರ್ವೆಗೆ ಬಂದಿದ್ದೀಯೇನಪ್ಪ? ಅಂಡರ್‌ಪಾಸ್ ಬ್ಯಾಡ ಅಂತ ಬರ್ಕೊ. ಮಳೆ ಬಂದ್ರೆ ಕೆರೆ ಆಯ್ತದೆ.” ಕಾವಲಿಲ್ಲದ ಗೇಟುಗಳನ್ನು ಬ್ರಾಡ್‌ಗೇಜ್ ಹಳಿಗಳಿಂದ 2019ರ ಜನವರಿ ಅಂತ್ಯದೊಳಗೆ ತೆಗೆದುಹಾಕಲಾಯಿತು, ಎಷ್ಟೋ ಕಡೆ ಅವುಗಳ ಜಾಗದಲ್ಲಿ ಬಂದ ತಗ್ಗಿನ ದಾರಿಗಳಲ್ಲಿ ನೀರು ನಿಲ್ಲುವುದು ಅವರ ಅನುಭವದ ಮಾತೇ ಇರಬೇಕು. ನಾನು ಸರ್ವೆಯವನಲ್ಲವೆಂದು ಹೇಳಿದರೂ ಅವರು ನಂಬಿದಂತೆ ಕಾಣಲಿಲ್ಲ. ಅವರು ಹೋದ ಮೇಲೆ ಕುತೂಹಲಕ್ಕೆ ಒಂದು ಗಂಟೆ ಗೇಟು ದಾಟುವ ವಾಹನಗಳನ್ನು ಎಣಿಸಿದ್ದೂ ನಿಜ. ರೈಲ್ವೆಯ ಎಣಿಕೆಯಲ್ಲಿ ಕಾರು, ಲಾರಿಗಳಂತೆ ಎತ್ತಿನ ಗಾಡಿಯೂ ಒಂದು, ಆಟೋ ಮಾತ್ರ ಅರ್ಧ. ಒಂದು ದಿನದ ಈ ಮೊತ್ತವನ್ನು ಅಂದು ದಾಟುವ ರೈಲುಗಳ ಸಂಖ್ಯೆಯಿಂದ ಗುಣಿಸಿ ಬರುವ ಅಂಕಿ ಒಂದು ಲಕ್ಷ ಮುಟ್ಟಿದರೆ ಮೇಲ್ಸೇತುವೆಗೆ ಅರ್ಹತೆ ಬರುತ್ತದೆ. ಎತ್ತಿನ ಗಾಡಿಗೆ ಆಟೋದ ಎರಡರಷ್ಟು ಬೆಲೆ ಕೊಡುವ ಲೆಕ್ಕ ಇನ್ನೆಲ್ಲಿಯಾದರೂ ಇದೆಯೋ ಕಾಣೆ.

ಮೈಸೂರಿನ ಕಡೆ ಕೆಲಸ ಕಡಿಮೆಯಾಯಿತು. ಚಾಮರಾಜನಗರದ ಹಳಿಯ ಮೇಲಿರುವ ಕುಕ್ಕರಹಳ್ಳಿ ಗೇಟಿಗೆ ಒಮ್ಮೆ ಹೋದೆ. ವಾಹನಗಳ ಗದ್ದಲದಲ್ಲಿ ಏನನ್ನೂ ಬರೆಯಲಾಗಲಿಲ್ಲ. 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮಾತ್ರ ಅರ್ಧ ದಿನ ಕಳೆದೆ. ಜನ ಮಹಾರಾಣಿಯವರ ಸಲೂನ್ ನೋಡಲು ಸಾಲುಗಟ್ಟಿದ್ದಾಗ ನಾನು ಕಂಬದ ಮೇಲಿನ ತೋಳು ಇಳಿದು ದಾರಿ ಕೊಡುವ ಹಳೆಯ ಕೈಮರದ ಸಿಗ್ನಲ್‌ನ ಹಿಂದೆ ನಿಂತಿದ್ದೆ. ಮೀಟರ್‌ಗೇಜ್ ಕಾಲವನ್ನು ಕಂಡ ನಮ್ಮ ದೊಡ್ಡಪ್ಪ “ಕೈ ಬಿತ್ತು, ಗಾಡಿ ಬಂತು” ಎನ್ನುತ್ತಿದ್ದುದು ಇಂಥ ಕಂಬವನ್ನು ನೋಡಿಯೇ. ಕೈ ಇಳಿದಾಗ ದೀಪದ ಮುಂದೆ ಬರುತ್ತಿದ್ದ ಗಾಜು ಹಸಿರಲ್ಲ, ನೀಲಿಯ ಕಡೆಗೆ ವಾಲಿದ್ದು. ಸೀಮೆಎಣ್ಣೆ ದೀಪದ ಹಳದಿ ಬೆಳಕು ಅದರೊಳಗಿಂದ ಬಂದಾಗ ಹಸಿರಾಗಿ ಕಾಣುತ್ತಿತ್ತು. ದೀಪದ ಹಿಂಬದಿಯಿಂದಲೂ ಒಂದು ಸಣ್ಣ ಬಿಳಿ ಬೆಳಕು ಕಾಣುವ ಏರ್ಪಾಡಿತ್ತು. ಸಿಗ್ನಲ್ ತಡೆಯುವ ಸ್ಥಿತಿಯಲ್ಲಿದ್ದಾಗ ಆ ಬೆಳಕು ಕಾಣುತ್ತಿತ್ತು, ಕೈ ಬಿದ್ದಾಗ ಮರೆಯಾಗುತ್ತಿತ್ತು. ಸಿಗ್ನಲ್‌ನ ಬೆನ್ನು ಮಾತ್ರ ಕಾಣುವ ಜಾಗದಲ್ಲಿದ್ದ ಸಿಬ್ಬಂದಿಗೂ ಅದರ ಸ್ಥಿತಿ ಹಾಗೆ ತಿಳಿಯುತ್ತಿತ್ತು. ಗೇಟಿನಲ್ಲಿ ನನಗೆ ಬೇಕಾಗಿದ್ದದ್ದು ಅದೇ.

ಮುಂದಿನ ತಿಂಗಳಿಗೆ ಆ 14 ಪ್ರಶ್ನಾರ್ಥಕಗಳು ಬಾಕಿ. ಪಾಂಡವಪುರದ ಆಸುಪಾಸಿನ ಆರು ಕಂಬಗಳಿಗೆ ರಸ್ತೆಯಿಂದ ನೋಡುವ ಜಾಗ ಗೊತ್ತಾಗಿದೆ. ಉಳಿದ ಎಂಟರಲ್ಲಿ ಮೂರು ಶ್ರೀರಂಗಪಟ್ಟಣದ ಸೇತುವೆಗಳ ಹತ್ತಿರ ಇರುವುದರಿಂದ ಕಾವೇರಿಯ ದಡದಲ್ಲಿ ಎಲ್ಲಿ ನಿಂತರೆ ಅವುಗಳ ಮುಖ ಕಾಣುತ್ತದೆಂದು ಮೊದಲು ಹುಡುಕಬೇಕಾಗಿದೆ.