ಮಳೆ, ಕಂಬಳಿ, ಓಝ್

ಮಡಿಕೇರಿಯಲ್ಲಿ ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಮಗಳಿಗೆ ಶಾಲೆ ರಜೆ. ಕರೆಂಟ್ ಬಂದ ಕೂಡಲೇ ಇಬ್ಬರೂ ಕಂಬಳಿ ಹೊದ್ದು 'ದಿ ವಿಝರ್ಡ್ ಆಫ್ ಓಝ್' ಹಾಕಿ ಕೂತೆವು. 1939ರ ಸಿನಿಮಾ.

ಮೊದಲಿಗೆ ಎಲ್ಲಾ ಕಂದು ಬಣ್ಣ. "ಅಮ್ಮಾ, ಪೂರ್ತಿ ಹೀಗೇನಾ?" ಅಂದಳು. ಸುಮ್ನೆ ನೋಡು ಅಂದೆ. ಸುಂಟರಗಾಳಿ ಮನೆಯನ್ನೇ ಹೊತ್ತುಕೊಂಡು ಹೋಗಿ ಇಳಿಸಿತು. ಕಥೆಯ ಹುಡುಗಿ ಡೊರೊತಿ ಬಾಗಿಲು ತೆರೆದಳು. ಹೊರಗೆ ಬಣ್ಣವೋ ಬಣ್ಣ! ಮಗಳು ಕೈಲಿದ್ದ ಹಲಸಿನ ಚಿಪ್ಸ್ ಬಾಯಿಗೆ ಹಾಕೋದನ್ನೇ ಮರೆತಳು. ಆಗೆಲ್ಲಿಯ ಕಂಪ್ಯೂಟರ್? ಮನೆಯ ಒಳಗೋಡೆಗೇ ಕಂದು ಬಣ್ಣ ಬಳಿದು, ಕಲರ್ ಫಿಲ್ಮಿನಲ್ಲೇ ಆ ದೃಶ್ಯ ತೆಗೆದಿದ್ದರು. ಎಂಥಾ ತಾಳ್ಮೆ ಅಲ್ವಾ? ಈ ಸಿನಿಮಾದ ಮೂಲ ಪುಸ್ತಕದಲ್ಲಿ ಡೊರೊತಿಯ ಶೂ ಬೆಳ್ಳಿಯದು. ತೆರೆಯಲ್ಲಿ ಎದ್ದು ಕಾಣಲಿ ಅಂತ ಕೆಂಪು ಮಾಡಿದರು.

ನನಗೆ ಜಾಸ್ತಿ ಇಷ್ಟ ಮಾತ್ರ ಬಣ್ಣ ಬರುವ ಮೊದಲಿನ ಹಾಡು, ಕಾಮನಬಿಲ್ಲಿನ ಆಚೆಗಿನ ಊರಿನದು. ಸಿನಿಮಾ ಉದ್ದವಾಯ್ತು ಅಂತ ಅದನ್ನೇ ಕತ್ತರಿಸಲು ಹೊರಟಿದ್ದರು! ಡೊರೊತಿಯಾಗಿ ನಟಿಸಿದ ಹದಿನಾರರ ಜೂಡಿ ಗಾರ್ಲಂಡ್ ಹಾಡುತ್ತಿದ್ದರೆ ಇವತ್ತೂ ಗಂಟಲು ಕಟ್ಟುತ್ತದೆ. ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಗ ನನಗೆ ಈ ಮಳೆ, ಈ ಮಂಜು, ಕಾಫಿ ಹೂವಿನ ವಾಸನೆಯೇ ಆ ಆಚೆಗಿನ ಊರು.

ಕರೆಂಟ್ ಮತ್ತೆ ಹೋಯ್ತು. ಮಗಳು ಹಿತ್ತಿಲ ಬಾಗಿಲನ್ನು ಮೆಲ್ಲಗೆ, ತುಂಬಾ ಮೆಲ್ಲಗೆ ತೆರೆದು ನೋಡುತ್ತಿದ್ದಾಳೆ.